ಶಿಶ್ನ ಕತ್ತರಿಸದೆ ಕ್ಯಾನ್ಸರ್‌ಗೆ ವಿಕಿರಣ: ಬ್ರಾಕಿಥೆರಪಿ ನಡೆಯುವ ಬಗೆ

ಗಡ್ಡೆ 4 ಸೆಂ.ಮೀ.ಗಿಂತ ಚಿಕ್ಕದಿದ್ದು ಶಿಶ್ನದ ತುದಿಯಲ್ಲೇ ಇದ್ದರೆ, ಅಂಗ ಕತ್ತರಿಸಲು ಒಪ್ಪಿ ಸಹಿ ಹಾಕುವ ಮುನ್ನ ವಿಕಿರಣ ತಜ್ಞರನ್ನು ಒಮ್ಮೆ ಕಾಣಿ. ಗಡ್ಡೆಯಿರುವ ಜಾಗಕ್ಕೇ ಸೂಜಿಗಳನ್ನು ಹಾಕಿ, ಅವುಗಳೊಳಗಿಂದ ವಿಕಿರಣ ಕೊಡುವುದೇ ಬ್ರಾಕಿಥೆರಪಿ. ಒಳಗಿನ ಸ್ಪಂಜಿನಂಥ ಭಾಗಕ್ಕೆ ಆಳವಾಗಿ ಇಳಿದ ದೊಡ್ಡ ಗಡ್ಡೆಗೆ ಶಸ್ತ್ರಚಿಕಿತ್ಸೆಯೇ ಸರಿ.

ಬಯಾಪ್ಸಿಯಲ್ಲಿ (ಗಡ್ಡೆಯ ತುಣುಕು ತೆಗೆದು ನೋಡುವ ಪರೀಕ್ಷೆ) ಕ್ಯಾನ್ಸರ್ ಖಚಿತವಾದ ಮೇಲೆ ಮೊದಲ ಕೆಲಸ ಮುಂದೊಗಲು ತೆಗೆಸುವುದು. ಇದನ್ನು ಬಿಡುವಂತೆಯೇ ಇಲ್ಲ. ಮುಂದೊಗಲು ಮುಚ್ಚಿಕೊಂಡಿದ್ದರೆ ಗಡ್ಡೆಯ ಅಂಚು ಎಲ್ಲಿಯವರೆಗಿದೆ ಎಂದು ಗೊತ್ತಾಗುವುದಿಲ್ಲ. ವಿಕಿರಣದಿಂದ ಅದು ಊದಿ ಬಿಗಿದುಕೊಂಡರೆ ಇನ್ನೂ ಕಷ್ಟ. ತೊಡೆಸಂದಿನ ಗ್ರಂಥಿಗಳ ತಪಾಸಣೆಯೂ ಬೇರೆಯಾಗಿ ಆಗಬೇಕು. ಶಿಶ್ನಕ್ಕೆ ಕೊಟ್ಟ ವಿಕಿರಣ ಅಲ್ಲಿಗೆ ತಲುಪುವುದಿಲ್ಲ.

ಸೂಜಿ ಹಾಕುವ ದಿನ ಅರಿವಳಿಕೆ ಕೊಟ್ಟು ಮೂತ್ರನಾಳಕ್ಕೆ ಕ್ಯಾಥೆಟರ್ (ತೆಳು ಕೊಳವೆ) ಹಾಕುತ್ತಾರೆ. ನಾಳ ಎಲ್ಲಿದೆ ಎಂದು ಕೈಗೆ ಸಿಕ್ಕರೆ ಸೂಜಿ ಅದನ್ನು ಚುಚ್ಚದಂತೆ ನೋಡಿಕೊಳ್ಳಬಹುದು. ರಂಧ್ರಗಳಿರುವ ಎರಡು ಪ್ಲಾಸ್ಟಿಕ್ ಫಲಕಗಳ ನಡುವೆ ಸೂಜಿಗಳು ಒಂದಕ್ಕೊಂದು ಸಮಾನಾಂತರವಾಗಿ, ಒಂದೇ ಅಂತರದಲ್ಲಿ ನಿಲ್ಲಬೇಕು. ಸೂಜಿ ವಾಲಿದರೆ ಒಂದು ಕಡೆ ಡೋಸ್ ಹೆಚ್ಚಿ ಹುಣ್ಣಾಗುತ್ತದೆ, ಇನ್ನೊಂದು ಕಡೆ ಕಡಿಮೆಯಾಗಿ ಗಡ್ಡೆ ಉಳಿಯುತ್ತದೆ. ಸಿಟಿ ಸ್ಕ್ಯಾನ್ ನೋಡಿ ಲೆಕ್ಕ ಹಾಕಿ, ಯಂತ್ರದಿಂದ ಇರಿಡಿಯಂ-192 ಎಂಬ ವಿಕಿರಣ ಸೂಸುವ ಲೋಹದ ಮೂಲವನ್ನು ಸೂಜಿಗಳೊಳಗೆ ಓಡಿಸುತ್ತಾರೆ. ದಿನಕ್ಕೆರಡು ಬಾರಿ, ಕನಿಷ್ಠ 6 ಗಂಟೆ ಬಿಟ್ಟು. ಬಳಕೆಯಲ್ಲಿರುವ ಒಂದು ಕ್ರಮದಲ್ಲಿ 3.2 ಗ್ರೇಯಂತೆ (ಗ್ರೇ ಎಂದರೆ ವಿಕಿರಣದ ಅಳತೆ) 12 ಸಲ, ಒಟ್ಟು 38.4 ಗ್ರೇ. ಸೂಜಿಗಳು ಇರುವಷ್ಟು ದಿನವೂ ಶಿಶ್ನ ತೊಡೆಗೂ ವೃಷಣಕ್ಕೂ ತಾಗದಂತೆ ಸುತ್ತ ಫೋಮ್ ಇಟ್ಟಿರುತ್ತಾರೆ. ಮಕ್ಕಳು ಬೇಕೆನ್ನುವವರು ವೀರ್ಯ ಕಾದಿಡುವ ಬಗ್ಗೆ ಮೊದಲೇ ಕೇಳಿ.

ಮನೆಗೆ ಬಂದ 2–3 ವಾರಕ್ಕೆ ಚರ್ಮ ಸುಲಿದು ರಸ ಒಸರುವುದು ಜೋರಾಗುತ್ತದೆ. ಹೆದರಬೇಡಿ, ಮಾಗಲು 2–3 ತಿಂಗಳು ಬೇಕು. ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ತೊಳೆದು, ಉಜ್ಜದೆ ಒತ್ತಿ ಒರೆಸಿ, ಸಡಿಲವಾದ ಹತ್ತಿ ಒಳಉಡುಪು ಹಾಕಿ. ಅರಿಶಿನ, ಪೌಡರ್ ಬೇಡವೇ ಬೇಡ.

ಮೂತ್ರದ ಧಾರೆ ಎರಡಾಗಿ ಸೀಳಿದರೆ, ಸಣ್ಣಗಾದರೆ, ಮೂತ್ರದ್ವಾರ ಅಂಟುತ್ತಿದೆ ಎಂದರ್ಥ. ಆಗಲೇ ಹೋದರೆ ಹಿಗ್ಗಿಸುವ ಸಣ್ಣ ಕಡ್ಡಿ ಬಳಸುವುದನ್ನು ಹೇಳಿಕೊಡುತ್ತಾರೆ. ತಡಮಾಡಿದರೆ ಆಪರೇಷನ್ನೇ ಆಗಬೇಕಾದೀತು.

ತಿಂಗಳುಗಳ ನಂತರ ಏಳುವ ಹುಣ್ಣೆಲ್ಲ ಕ್ಯಾನ್ಸರ್ ಅಲ್ಲ. ವಿಕಿರಣದಿಂದ ಅಂಗಾಂಶ ಸತ್ತ ಹುಣ್ಣೂ ಇರಬಹುದು. ಅದಕ್ಕೆ ಮತ್ತೆ ಮತ್ತೆ ಬಯಾಪ್ಸಿ ಮಾಡಿದರೆ ಗಾಯ ದೊಡ್ಡದಾಗುತ್ತದೆ. ಹಾಗಾಗಿ ಚಿಕಿತ್ಸೆ ಕೊಟ್ಟ ವೈದ್ಯರಿಗೇ ಮೊದಲು ತೋರಿಸಿ. ಮೊದಲ 2 ವರ್ಷ ಸುಮಾರು 3 ತಿಂಗಳಿಗೊಮ್ಮೆ ತಪಾಸಣೆ ಬೇಕು, 5 ವರ್ಷದ ನಂತರವೂ ಬಿಡಬಾರದು. ಕ್ಯಾನ್ಸರ್ ಮರಳಿದರೂ ಬೇಗ ಸಿಕ್ಕರೆ ಶಸ್ತ್ರಚಿಕಿತ್ಸೆಯಿಂದ ಗುಣವಾಗುವವರು ಬಹಳ ಮಂದಿ.