ಶಾಲೆ ಎದುರಿನ ರಸ್ತೆ: ಮೊದಲು ಅಳೆಯಿರಿ, ಆಮೇಲೆ ಹಂಪ್ ಕೇಳಿ

ಕಾಸರಗೋಡು ಜಿಲ್ಲೆಯ ಚೆರ್ಕಳದಿಂದ ಬದಿಯಡ್ಕ, ಪೆರ್ಲ ದಾಟಿ ಅಡ್ಕಸ್ಥಳಕ್ಕೆ ಹೋಗುವಂಥ ರಸ್ತೆಗೆ ಹೊಸ ಡಾಮರು ಬಿದ್ದರೆ ಮೊದಲು ಏರುವುದು ವೇಗ. ಮಕ್ಕಳಿಗೆ ‘ನೋಡಿ ದಾಟಿ’ ಎಂದು ಹೇಳಲೇಬೇಕು. ಆದರೆ ಏಳು ವರ್ಷದ ಮಗುವಿಗೆ ಬರುವ ಕಾರಿನ ವೇಗ ಅಂದಾಜಾಗುವುದಿಲ್ಲ. ರಸ್ತೆಯನ್ನೇ ಸರಿಪಡಿಸಬೇಕು. ಟೇಪು, ಸುಣ್ಣ, ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಶಾಲೆ ಸೇರುವ ಹೊತ್ತಿಗೆ ಅಲ್ಲಿಗೆ ಹೋಗಿ.

ರಸ್ತೆಯಂಚಿನಲ್ಲಿ 50 ಮೀಟರ್ ಅಳೆದು ಎರಡೂ ತುದಿಗೆ ಸುಣ್ಣದ ಗೆರೆ ಹಾಕಿ. ಈ ದೂರಕ್ಕೆ ವಾಹನ 6 ಸೆಕೆಂಡು ತೆಗೆದುಕೊಂಡರೆ ವೇಗ ಗಂಟೆಗೆ 30 ಕಿ.ಮೀ.; 3 ಸೆಕೆಂಡಾದರೆ 60. ಐವತ್ತು ವಾಹನಗಳನ್ನಾದರೂ ಬರೆದುಕೊಳ್ಳಿ. ಎದ್ದು ಕಾಣುವ ಹಾಗೆ ನಿಲ್ಲಬೇಡಿ, ನಿಮ್ಮನ್ನು ಕಂಡ ಚಾಲಕರು ಬ್ರೇಕ್ ಒತ್ತುತ್ತಾರೆ, ಲೆಕ್ಕ ತಪ್ಪುತ್ತದೆ. ಒದ್ದೆ ರಸ್ತೆಯಲ್ಲಿ 30ರ ವೇಗದ ವಾಹನ ನಿಲ್ಲಲು ಸುಮಾರು 20 ಮೀಟರ್ ಬೇಕು, 60ಕ್ಕೆ ಸುಮಾರು 60 ಮೀಟರ್. ವೇಗ ಎರಡು ಪಟ್ಟಾದರೆ ನಿಲ್ಲುವ ದೂರ ಮೂರು ಪಟ್ಟು!

ಇನ್ನು ನೋಟ. ಏಳು ಮೀಟರ್ ಅಗಲದ ರಸ್ತೆ ದಾಟಲು ಸಾಮಾನ್ಯ ನಡಿಗೆಗೆ 6 ಸೆಕೆಂಡು, ಅಜ್ಜಿಯೊಬ್ಬರಿಗೆ 9. ಆ 9 ಸೆಕೆಂಡಿನಲ್ಲಿ 60ರ ವೇಗದ ಬಸ್ಸು 150 ಮೀಟರ್ ಬಂದುಬಿಡುತ್ತದೆ. ಮಕ್ಕಳು ದಾಟುವ ಜಾಗದಲ್ಲಿ ಕುಕ್ಕುರುಗಾಲಲ್ಲಿ ಕೂತು, ನೆಲದಿಂದ ಒಂದು ಮೀಟರ್ ಎತ್ತರದಿಂದ, ಎರಡೂ ಕಡೆ ನೋಡಿ. 150 ಮೀಟರ್ ಕಾಣಲೇಬೇಕು. ಕಮ್ಯುನಿಸ್ಟ್ ಗಿಡದ ಪೊದೆಯೋ ಫ್ಲೆಕ್ಸೋ ಅಡ್ಡವಿದ್ದರೆ ತೆಗೆಸುವುದು ಒಂದೇ ದಿನದ ಕೆಲಸ. ಗುಡ್ಡೆ ಕಡಿದ ಮುರಕಲ್ಲಿನ ತಿರುವು ಅಡ್ಡವಾದರೆ ದಾಟುವ ಜಾಗವನ್ನೇ ಬದಲಿಸಬೇಕು. ಬಸ್‌ ನಿಲ್ದಾಣ ಜೀಬ್ರಾ ಪಟ್ಟೆ ದಾಟಿದ ಮೇಲೆ ಇರಲಿ. ಪಟ್ಟೆಗಿಂತ ಮೊದಲೇ ಬಸ್ಸು ನಿಂತರೆ ಅದರ ಮುಂದಿನಿಂದ ಓಡುವ ಮಗು ಹಿಂದಿನ ಬೈಕಿನವನಿಗೆ ಕಾಣುವುದೇ ಇಲ್ಲ.

ಹಂಪ್ ಎಂದರೆ ಮನಸ್ಸಿಗೆ ಬಂದಷ್ಟು ಎತ್ತರದ ದಿಬ್ಬವಲ್ಲ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆ: ವಾಹನ ಸಾಗುವ ದಿಕ್ಕಿಗೆ 3.7 ಮೀಟರ್ ಉದ್ದ, ನಡುವೆ 10 ಸೆಂ.ಮೀ. ಎತ್ತರ, 40 ಮೀಟರ್ ಮೊದಲೇ ಎಚ್ಚರಿಕೆ ಫಲಕ. ಇದು 25 ಕಿ.ಮೀ. ವೇಗಕ್ಕೆ ಹೊಂದುತ್ತದೆ. ನೀರು ಹೋಗಲಿ ಎಂದು ಅಂಚಿನಲ್ಲಿ ಸಂದು ಬಿಡುವುದು ದೊಡ್ಡ ತಪ್ಪು. ಬೈಕುಗಳು ಅದೇ ಸಂದಿಯಲ್ಲಿ ನುಗ್ಗುತ್ತವೆ, ಮಕ್ಕಳು ನಡೆಯುವುದೂ ಅಲ್ಲೇ. ಅಂಚಿನವರೆಗೆ ಕಟ್ಟಿ, ನೀರಿಗೆ ಅಡಿಯಲ್ಲಿ ಪೈಪು ಹಾಕಿಸಬೇಕು. ಶಾಲೆಯೆದುರು ಮೇಲ್ಭಾಗ ಚಪ್ಪಟೆಯಾದ ಹಂಪಿನ ಮೇಲೆಯೇ ಜೀಬ್ರಾ ಪಟ್ಟೆ ಇರುವುದು ಇನ್ನೂ ಒಳ್ಳೆಯದು.

ಸೈಕಲ್ಲಿನವರನ್ನು ಬೀಳಿಸುವುದು ಮಳೆಗೆ ಮಣ್ಣು ಕೊಚ್ಚಿಹೋದ ಡಾಮರಿನ ಅಂಚು, ಮತ್ತೆ ಚರಂಡಿಯ ಜಾಲರಿ. ಜಾಲರಿಯ ಸರಳುಗಳು ಚಕ್ರ ಸಾಗುವ ದಿಕ್ಕಿಗೆ ಅಡ್ಡವಾಗಿರಬೇಕು. ಉದ್ದಕ್ಕಿದ್ದರೆ ಚಕ್ರ ಸಿಕ್ಕಿಬೀಳುತ್ತದೆ.

ಅಳತೆ, ಫೋಟೋ, ಒಂದು ಕೈನಕ್ಷೆ ಸೇರಿಸಿ ಗ್ರಾಮಸಭೆಯಲ್ಲಿ ವಿಷಯ ಇಡಿಸಿ. ಪ್ರತಿಯನ್ನು ಪಿಡಬ್ಲ್ಯುಡಿ (ಲೋಕೋಪಯೋಗಿ ಇಲಾಖೆ) ರಸ್ತೆ ವಿಭಾಗಕ್ಕೂ ಜಿಲ್ಲಾಧಿಕಾರಿಗಳು ಅಧ್ಯಕ್ಷರಾಗಿರುವ ಜಿಲ್ಲಾ ರಸ್ತೆ ಸುರಕ್ಷಾ ಸಮಿತಿಗೂ ಕೊಡಿ. ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. ರಸ್ತೆ ರಾಷ್ಟ್ರೀಯ ಹೆದ್ದಾರಿ 66 ಆದರೆ ಅರ್ಜಿ ಹೋಗಬೇಕಾದ್ದು ಹೆದ್ದಾರಿ ಪ್ರಾಧಿಕಾರಕ್ಕೆ. ಅಲ್ಲಿ ಹಂಪ್ ಕೇಳಬೇಡಿ. ಅಂಡರ್‌ಪಾಸಿಗೆ ದೀಪ ಬೇಕು, ನೀರು ನಿಲ್ಲಬಾರದು ಎಂದು ಕೇಳಿ. ಕತ್ತಲೆಯೂ ಕೆಸರೂ ಇದ್ದಲ್ಲಿ ಜನ ಬೇಲಿ ಹತ್ತಿ ಆರು ಪಥ ದಾಟುತ್ತಾರೆ.

ಕೆಲಸವಾದ ಮೇಲೆ ಜೂನ್ ಮೊದಲ ವಾರ, ಕೊಡೆ ಹಿಡಿದ ಮಕ್ಕಳು ಬರುವ ಹೊತ್ತಿಗೆ, ಅದೇ 50 ಮೀಟರ್ ಮತ್ತೆ ಅಳೆಯಿರಿ. ಹೆಚ್ಚಿನ ವಾಹನಗಳು ಇನ್ನೂ 6 ಸೆಕೆಂಡಿಗಿಂತ ಬೇಗ ದಾಟುತ್ತಿದ್ದರೆ, ಹಳೆಯ ಅರ್ಜಿಯ ಸಂಖ್ಯೆ ಕಾಣಿಸಿ ಹೊಸ ಅಳತೆಯೊಂದಿಗೆ ಮತ್ತೆ ಬರೆಯಿರಿ.