ಹಳೇ ಮೇಲ್‌ಗಳಿಗೆ ಬೀಗ ಹಾಕಿದ್ದು: ನನ್ನ ಅನುಭವ

ಹುಬ್ಬಳ್ಳಿಯಲ್ಲಿ ಸಣ್ಣ ವ್ಯಾಪಾರಿಗಳ, ನಿವೃತ್ತ ನೌಕರರ ತೆರಿಗೆ ಲೆಕ್ಕ ಮಾಡಿಕೊಡುವುದು ನನ್ನ ಕೆಲಸ. ದುರ್ಗದಬೈಲಿನ ಅಂಗಡಿಯವರು, ಉಣಕಲ್ಲಿನ ಮಾಸ್ತರರು ಎಲ್ಲರೂ ಪ್ಯಾನ್, ಆಧಾರ್, ಬ್ಯಾಂಕ್ ಸ್ಟೇಟ್‌ಮೆಂಟ್ ನನಗೆ ಮೇಲ್ ಮಾಡುತ್ತಾರೆ. ಮುಂಚಿನಿಂದಲೂ ನಾನು ಪಾಪ್ ಪದ್ಧತಿಯಲ್ಲಿ ಮೇಲ್ ಇಳಿಸಿಕೊಳ್ಳುವವನು. ಇಳಿದ ಮೇಲೆ ಸರ್ವರ್‌ನಿಂದ ಅಳಿಸಿಹೋಗುತ್ತದೆ. ಅಂದರೆ ಇರುವ ಒಂದೇ ಪ್ರತಿ ನನ್ನ ಮನೆಯ ಕಂಪ್ಯೂಟರ್‌ನಲ್ಲಿ.

ಹೋದ ಮಳೆಗಾಲದಲ್ಲಿ ಅದರ ಮದರ್‌ಬೋರ್ಡ್ ಕೈಕೊಟ್ಟಿತು. ರಿಪೇರಿ ಅಂಗಡಿಯ ಹುಡುಗ ಹಾರ್ಡ್ ಡಿಸ್ಕ್ ಬಿಚ್ಚಿ, ಒಂದು ಕೇಬಲ್ ಸಿಕ್ಕಿಸಿ ತನ್ನ ಲ್ಯಾಪ್‌ಟಾಪ್‌ಗೆ ಜೋಡಿಸಿದ. "ಎಲ್ಲಾ ಐತ್ರಿ ಸರ, ಏನೂ ಹೋಗಿಲ್ಲ" ಅಂದ. ನನಗೆ ಜೀವ ಬಂದ ಹಾಗಾಯಿತು. ಆದರೆ ನನ್ನ ವಿಂಡೋಸ್ ಪಾಸ್‌ವರ್ಡನ್ನು ಅದು ಕೇಳಲೇ ಇಲ್ಲ!

ಮೇಲ್ ಸರಿಯಾಗಿದೆಯಾ ನೋಡೋಣ ಅಂತ, ನಾನು ಮೇಲ್ ಓದಲು ಬಳಸುವ ಥಂಡರ್‌ಬರ್ಡ್ ಪ್ರೋಗ್ರಾಂನ ಫೋಲ್ಡರ್ ತೆರೆದೆವು. ನಾನು ವರ್ಷಕ್ಕೊಂದು ವಿಭಾಗ ಮಾಡಿಟ್ಟಿದ್ದೆ. ಒಂದನ್ನು ಸುಮ್ನೆ ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಕಳಿಸಿದವರ ಹೆಸರು, ತಾರೀಖು, ವಿಷಯ, ಅದರ ಕೆಳಗೆ ಪತ್ರ. ಒಬ್ಬರು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದಿದ್ದರು: "ಸರ, ಈ ಎಫ್‌ಡಿ ವಿಷಯ ತಮ್ಮಗ ಗೊತ್ತಾಗೋದು ಬ್ಯಾಡ್ರಿ." ಆ ಸಾಲು ಪರದೆಯ ನಡುವೆ ಹಾಗೇ ನಿಂತಿತ್ತು. ಪಕ್ಕದಲ್ಲಿ ಆ ಹುಡುಗ. ಅವನು ಒಳ್ಳೆಯವನು, ತಾನೇ ಮುಖ ಆಚೆ ತಿರುಗಿಸಿದ. ಪತ್ರಕ್ಕೆ ಲಗತ್ತಿಸಿದ ಫೈಲುಗಳು ಮಾತ್ರ ಅರ್ಥವಿಲ್ಲದ ಅಕ್ಷರಗಳ ರಾಶಿಯಾಗಿ ಕಾಣುತ್ತವೆ. ಆದರೆ ಥಂಡರ್‌ಬರ್ಡ್‌ನಂಥ ಮೇಲ್ ಪ್ರೋಗ್ರಾಂ ಅವನ್ನು ಮತ್ತೆ ಪೂರ್ತಿ ಮಾಡಿಕೊಡುತ್ತದೆ. ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಂಬಿ ಕಳಿಸಿದವರ ಗುಟ್ಟು ಅದು.

ಮೊದಲು ಥಂಡರ್‌ಬರ್ಡ್‌ನಲ್ಲೇ ಇರುವ ಪ್ರೈಮರಿ ಪಾಸ್‌ವರ್ಡ್ ಹಾಕಿದೆ. ಆಮೇಲೆ ತಿಳಿಯಿತು, ಅದು ಕಾಯುವುದು ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನು, ಮೇಲ್‌ಗಳನ್ನಲ್ಲ. ನೋಟ್‌ಪ್ಯಾಡ್‌ನಲ್ಲಿ ಪತ್ರ ಮೊದಲಿನಂತೆಯೇ ಕಾಣುತ್ತಿತ್ತು.

ಇನ್ನೂ ಹಳೆಯವು ಔಟ್‌ಲುಕ್ ಅನ್ನುವ ಇನ್ನೊಂದು ಮೇಲ್ ಪ್ರೋಗ್ರಾಂನಲ್ಲಿ, ಎಲ್ಲಾ ಮೇಲ್ ಒಟ್ಟಿಗೆ ಇಡುವ ಪಿಎಸ್‌ಟಿ ಫೈಲಿನಲ್ಲಿದ್ದವು. ಅದಕ್ಕೆ 15 ಅಕ್ಷರದವರೆಗೆ ಪಾಸ್‌ವರ್ಡ್ ಕೊಡಬಹುದು, ಕೊಟ್ಟೆ. ಆದರೆ ಅದರಿಂದ ಒಳಗಿನ ಪತ್ರ ಎನ್‌ಕ್ರಿಪ್ಟ್ ಆಗುವುದಿಲ್ಲ, ಅಂದರೆ ಪಾಸ್‌ವರ್ಡ್ ಇಲ್ಲದೆ ಓದಲಾಗದ ಗುಪ್ತಲಿಪಿಯಾಗುವುದಿಲ್ಲ. ಪಾಸ್‌ವರ್ಡ್‌ನಿಂದ ಲೆಕ್ಕ ಹಾಕಿದ 32 ಬಿಟ್‌ನ ಒಂದು ಸಣ್ಣ ಸಂಖ್ಯೆ (ಚೆಕ್‌ಸಮ್) ಮಾತ್ರ ಫೈಲಿನಲ್ಲಿರುತ್ತದೆ. ಅದಕ್ಕೆ ತಾಳೆಯಾಗುವ ಬೇರೆ ಯಾವ ಪದ ಕೊಟ್ಟರೂ ಬಾಗಿಲು ತೆರೆಯುತ್ತದೆ. ಪುಕ್ಕಟೆ ಸಿಗುವ ಒಂದು ಸಣ್ಣ ಪ್ರೋಗ್ರಾಂ ಅಂಥ ಪದವನ್ನು ನನ್ನ ಕಣ್ಣೆದುರೇ ಹುಡುಕಿಕೊಟ್ಟಿತು. ಇಡೀ ಡಿಸ್ಕ್‌ಗೇ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಹಾಕೋಣ ಅಂದರೆ ನನ್ನದು ವಿಂಡೋಸ್ ಹೋಮ್. ಅದು ಪೂರ್ತಿಯಾಗಿ ಸಿಗುವುದು ಪ್ರೊ ಆವೃತ್ತಿಯಲ್ಲಿ.

ಕೊನೆಗೆ ಹಿಡಿದದ್ದು ವೆರಾಕ್ರಿಪ್ಟ್. ಪುಕ್ಕಟೆ ಸಿಗುತ್ತದೆ. ಇದು ಒಂದು ದೊಡ್ಡ ಫೈಲ್ ಮಾಡುತ್ತದೆ. ಪಾಸ್‌ವರ್ಡ್ ಕೊಟ್ಟು ತೆರೆದರೆ ಅದೇ ಒಂದು ಹೊಸ ಡ್ರೈವ್ ಆಗಿ ಕಾಣುತ್ತದೆ. ಮುಚ್ಚಿದರೆ ಒಳಗೇನಿದೆ ಅಂತ ಯಾರಿಗೂ ಗೊತ್ತಾಗದು. ನಾನು 30 ಜಿಬಿಯದು ಮಾಡಿದೆ, ಎನ್‌ಕ್ರಿಪ್ಟ್ ಮಾಡುವ ವಿಧಾನವಾಗಿ ಎಇಎಸ್ ಆರಿಸಿದೆ, ಡ್ರೈವ್‌ನಲ್ಲಿ ಫೈಲ್ ಜೋಡಿಸಿಡುವ ಪದ್ಧತಿಗಳಲ್ಲಿ ಒಂದಾದ ಎನ್‌ಟಿಎಫ್‌ಎಸ್‌ನಲ್ಲಿ ಫಾರ್ಮ್ಯಾಟ್ ಮಾಡಿದೆ. ಇನ್ನೊಂದು ಪದ್ಧತಿ ಫ್ಯಾಟ್ 32 ಆದರೆ 4 ಜಿಬಿ ದಾಟಿದ ಫೈಲ್ ಹಿಡಿಸುವುದಿಲ್ಲ, ಪಿಎಸ್‌ಟಿ ಅಷ್ಟು ಬೆಳೆದೇ ಬೆಳೆಯುತ್ತದೆ.

ಪಾಸ್‌ವರ್ಡ್ 20 ಅಕ್ಷರಕ್ಕಿಂತ ಕಡಿಮೆಯಾದರೆ ವೆರಾಕ್ರಿಪ್ಟ್ ಎಚ್ಚರಿಸುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಮನೆಮಾತಿನ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಜೋಡಿಸಿದೆ. ಕೌದಿ, ಹಗೇವು, ಪಾವಟಿಗಿ, ಗಿರ್ಮಿಟ್ ಇಂಥವು. ನನ್ನವು ಇವಲ್ಲ, ಆದರೆ ಇದೇ ತರಹದವು. ನೆನಪಿಡಲು ಸುಲಭ, ಊಹಿಸಲು ಕಷ್ಟ.

ಥಂಡರ್‌ಬರ್ಡ್ ಮುಚ್ಚಿ, ಅದರ ಮೇಲ್, ಸೆಟ್ಟಿಂಗ್ಸ್ ಎಲ್ಲಾ ಇರುವ ಪ್ರೊಫೈಲ್ ಫೋಲ್ಡರನ್ನು ಹೊಸ ಡ್ರೈವ್‌ಗೆ ನಕಲು ಮಾಡಿದೆ. ಪ್ರೊಫೈಲ್ ಮ್ಯಾನೇಜರ್ ತೆರೆದು ಆ ಜಾಗ ತೋರಿಸಿದೆ. ಪಿಎಸ್‌ಟಿಯನ್ನೂ ಅಲ್ಲಿಗೇ ಸಾಗಿಸಿದೆ. ಈಗ ಡ್ರೈವ್ ತೆರೆಯದೆ ಥಂಡರ್‌ಬರ್ಡ್ ಒತ್ತಿದರೆ ಪ್ರೊಫೈಲ್ ಸಿಗುತ್ತಿಲ್ಲ ಅನ್ನುತ್ತದೆ. ಗಾಬರಿ ಬೇಡ, ಬೀಗ ಕೆಲಸ ಮಾಡುತ್ತಿದೆ ಅಂತ ಅರ್ಥ. ಮುಚ್ಚುವಾಗ ಮೊದಲು ಥಂಡರ್‌ಬರ್ಡ್, ಆಮೇಲೆ ಡ್ರೈವ್.

ಎಲ್ಲಾ ಸರಿ ಇದೆ ಅಂತ ಒಂದು ವಾರ ನೋಡಿ, ಹಳೇ ಫೋಲ್ಡರ್ ಅಳಿಸಿದೆ. ಬರೇ ಅಳಿಸಿದರೆ ಸಾಲದು, ಅಳಿಸಿದ್ದನ್ನು ಮತ್ತೆ ಹೊರತೆಗೆಯಬಹುದು, ಅಲ್ವಾ? ಖಾಲಿ ಜಾಗದ ಮೇಲೆ ಮತ್ತೆ ಬರೆಯಲು ವಿಂಡೋಸ್‌ನಲ್ಲೇ ಇರುವ ಸೈಫರ್ ಕಮಾಂಡ್ ಓಡಿಸಿದೆ. ನನ್ನದು ಹಳೇ ಹಾರ್ಡ್ ಡಿಸ್ಕ್, ಹಾಗಾಗಿ ನಡೆಯಿತು. ಹೊಸ ತರಹದ, ತಿರುಗುವ ತಟ್ಟೆಯಿಲ್ಲದ ಎಸ್‌ಎಸ್‌ಡಿಯಲ್ಲಿ ಇದನ್ನು ಅಷ್ಟು ನಂಬುವಂತಿಲ್ಲ. ಇನ್ನೊಂದು ಮಾತು: ಮೇಲ್‌ನಿಂದ ನೇರವಾಗಿ ತೆರೆದ ಪಿಡಿಎಫ್‌ನ ಪ್ರತಿ ವಿಂಡೋಸ್‌ನ ಟೆಂಪ್ (ತಾತ್ಕಾಲಿಕ) ಫೋಲ್ಡರ್‌ನಲ್ಲಿ ಉಳಿದುಬಿಡಬಹುದು. ವಾರಕ್ಕೊಮ್ಮೆ ಅದನ್ನೂ ಗುಡಿಸುತ್ತೇನೆ.

ಬ್ಯಾಕಪ್‌ನಲ್ಲಿ ಒಂದು ಪೆಟ್ಟು ತಿಂದೆ. ಬೀಗದ ಫೈಲನ್ನು ಹೊರಗಿನ ಡಿಸ್ಕ್‌ಗೆ ನಕಲು ಮಾಡುವ ಕೆಲಸ ಒಂದು ಪ್ರೋಗ್ರಾಂಗೆ ಒಪ್ಪಿಸಿದ್ದೆ. ನಾಲ್ಕು ತಿಂಗಳಾದ ಮೇಲೆ ತೆರೆದು ನೋಡಿದರೆ ಮೊದಲ ದಿನದ ಪ್ರತಿಯೇ ಕೂತಿತ್ತು! ವೆರಾಕ್ರಿಪ್ಟ್ ಒಳಗೆ ಎಷ್ಟೇ ಬದಲಾದರೂ ಫೈಲಿನ ತಾರೀಖನ್ನು ಹಳೆಯದೇ ಇಟ್ಟಿರುತ್ತದೆ. ತಾರೀಖು ನೋಡಿ ನಕಲು ಮಾಡುವ ಪ್ರೋಗ್ರಾಂ "ಬದಲಾಗಿಲ್ಲ" ಅಂತ ಬಿಟ್ಟುಬಿಟ್ಟಿತ್ತು. ಸೆಟ್ಟಿಂಗ್ಸ್‌ನಲ್ಲಿ ತಾರೀಖು ಉಳಿಸುವ ಆ ಆಯ್ಕೆಯ ಟಿಕ್ ತೆಗೆದೆ. ಈಗ ಪ್ರತಿ ಶನಿವಾರ ನಕಲಾಗುತ್ತದೆ. ನಕಲು ಮುಗಿದ ಮೇಲೆ ಆ ಡಿಸ್ಕ್ ಧಾರವಾಡದಲ್ಲಿ ಅಣ್ಣನ ಮನೆಗೆ ಹೋಗುತ್ತದೆ.

ಪಾಸ್‌ವರ್ಡ್ ಮರೆತರೆ ಯಾರೂ ತೆಗೆದುಕೊಡಲಾರರು. ನನಗೇನಾದರೂ ಆದರೆ ಜನರ ಕಾಗದಪತ್ರ ಸಿಗಬೇಕಲ್ಲ. ಅದಕ್ಕೇ ಒಂದು ಚೀಟಿಯಲ್ಲಿ ಬರೆದು, ಪಾಕೀಟಿನಲ್ಲಿಟ್ಟು, ಅಂಟು ಹಚ್ಚಿ ಹೆಂಡತಿಗೆ ಕೊಟ್ಟೆ. "ಒಮ್ಮೆ ತೆರೆದು ನೋಡ್ತೀನ್ರಿ, ನೀವು ಹೊರಗ ಕೂಡ್ರಿ" ಅಂದಳು. ಕೂತೆ. ಮೂರು ಸಲ ಹೊಡೆದರೂ ತೆರೆಯಲಿಲ್ಲ. ಚೀಟಿಯಲ್ಲಿ ಪದಗಳ ನಡುವೆ ಜಾಗ ಬಿಟ್ಟು ಬರೆದಿದ್ದೆ, ನಿಜವಾದ ಪಾಸ್‌ವರ್ಡ್‌ನಲ್ಲಿ ಜಾಗವೇ ಇಲ್ಲ. ಎಲ್ಲಾ ಕೂಡಿಸಿ ಹೊಸ ಚೀಟಿ ಬರೆದೆ. ಈ ಸಲ ಒಂದೇ ಏಟಿಗೆ ತೆರೆದಳು. ಪಾಕೀಟು ಈಗ ತಿಜೋರಿಯಲ್ಲಿ, ಅವಳ ಇಳಕಲ್ ಸೀರೆಯ ಕೆಳಗಿದೆ.