ಮಿಲ್‌ಟೌನ್ ಮಾಲ್ಬೇಯಲ್ಲಿ ಟಿನ್ ವಿಸಿಲ್ ಕಲಿತ ವಾರ

ಐರ್ಲೆಂಡ್ ಸುತ್ತುವ ಆಸೆಯಿದ್ದು, ಸಂಗೀತವೂ ಸ್ವಲ್ಪ ಗೊತ್ತಿದ್ದರೆ ಪ್ರವಾಸವನ್ನು ಜುಲೈ ಆರಂಭಕ್ಕೆ ಹೊಂದಿಸಿಕೊಳ್ಳಿ. ನಾನು ಹಾಗೇ ಮಾಡಿದೆ. ಪಶ್ಚಿಮ ಕರಾವಳಿಯ ಕ್ಲೇರ್ ಕೌಂಟಿಯಲ್ಲಿ ಮಿಲ್‌ಟೌನ್ ಮಾಲ್ಬೇ ಅಂತ ಚಿಕ್ಕ ಊರಿದೆ. ಅಲ್ಲಿ ವಿಲ್ಲಿ ಕ್ಲಾನ್ಸಿ ಹೆಸರಿನ ಬೇಸಿಗೆ ಶಾಲೆ ನಡೆಯುತ್ತದೆ. ಕ್ಲಾನ್ಸಿ ಆ ಊರಿನವರೇ. ತೋಳಿನಡಿಯ ತಿದಿಯಿಂದ ಗಾಳಿ ತುಂಬಿ ನುಡಿಸುವ ಇಲನ್ ಪೈಪ್ಸ್‌ನಲ್ಲಿ ದೊಡ್ಡ ಹೆಸರು. 1973ರ ಜನವರಿಯಲ್ಲಿ ತೀರಿಕೊಂಡರು. ಅದೇ ವರ್ಷ ಅವರ ನೆನಪಿಗೆ ಶಾಲೆ ಶುರುವಾಯಿತು.

ಹೋಗುವ ದಾರಿ ಸುಲಭ. ಡಬ್ಲಿನ್‌ನಿಂದ ರೈಲಿನಲ್ಲಿ ಎನ್ನಿಸ್, ಅಲ್ಲಿಂದ ರಸ್ತೆ. ಒಂದೇ ಮಾತು: ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಕೊಡುವ ಶೆಂಗೆನ್ ವೀಸಾ ಐರ್ಲೆಂಡಿಗೆ ನಡೆಯುವುದಿಲ್ಲ. ರೂಮನ್ನು ತಿಂಗಳುಗಳ ಮೊದಲೇ ಹಿಡಿಯಬೇಕು. ಆ ವಾರ ಊರಿನ ಜನಕ್ಕಿಂತ ವಾದ್ಯದ ಪೆಟ್ಟಿಗೆ ಹೊತ್ತವರೇ ಜಾಸ್ತಿ ಅನ್ನಿಸುತ್ತದೆ.

ಪಿಟೀಲು, ಕನ್ಸರ್ಟಿನಾ, ಮರದ ಕೊಳಲು, ಬ್ಯಾಂಜೋ, ಹಾಡು, ಕುಣಿತ, ಎಲ್ಲಕ್ಕೂ ತರಗತಿ ಇವೆ. ನಾನು ಟಿನ್ ವಿಸಿಲ್ ಆರಿಸಿದೆ, ತುದಿಯಿಂದ ಊದುವ ತಗಡಿನ ಪುಟ್ಟ ಕೊಳಲು. ಜೇಬಿನಲ್ಲಿ ಹಿಡಿಯುತ್ತದೆ, ಬೆಲೆಯೂ ಕಡಿಮೆ. ಚಿಕ್ಕಂದಿನಿಂದ ಕರ್ನಾಟಕ ಸಂಗೀತದ ಕೊಳಲು ನುಡಿಸುತ್ತಿದ್ದುದರಿಂದ ಬೆರಳಿಗೆ ಭಯವಿರಲಿಲ್ಲ. ಆರು ತೂತು. ಎಲ್ಲವನ್ನೂ ಮುಚ್ಚಿದರೆ ಪಾಶ್ಚಾತ್ಯರು ಡಿ ಅನ್ನುವ ಸ್ವರ. ಅದನ್ನು ಷಡ್ಜ, ಅಂದರೆ ಸ, ಮಾಡಿಕೊಂಡು ಕೆಳಗಿನಿಂದ ಒಂದೊಂದೇ ಬೆರಳು ಎತ್ತುತ್ತಾ ಹೋದರೆ ಶಂಕರಾಭರಣ ರಾಗ ಬರುತ್ತದೆ. ಅವೇ ಸ್ವರಗಳಲ್ಲಿ ರಿಷಭವನ್ನು ಷಡ್ಜ ಮಾಡಿದರೆ ಖರಹರಪ್ರಿಯ, ಪಂಚಮವನ್ನು ಮಾಡಿದರೆ ಹರಿಕಾಂಭೋಜಿ. ಅಲ್ಲಿನ ಎಷ್ಟೋ ಧಾಟಿಗಳು ಈ ಮೂರರೊಳಗೇ ಓಡಾಡುತ್ತವೆ. ಹೀಗೆ ಮನಸ್ಸಿನಲ್ಲಿ ಸ್ವರ ಹಾಕಿಕೊಂಡಿದ್ದು ನನಗೆ ತುಂಬ ಅನುಕೂಲವಾಯಿತು.

ಪಾಠ ಬೆಳಗಿನ ಹೊತ್ತು. ಮುಂದೆ ಪುಸ್ತಕ ಇಲ್ಲ, ಬೋರ್ಡಿನ ಮೇಲೆ ಬರೆಯುವುದಿಲ್ಲ. ಟೀಚರ್ ಒಂದು ತುಣುಕು ನುಡಿಸುತ್ತಾರೆ, ನಾವೆಲ್ಲ ಹಿಂದೆಯೇ ನುಡಿಸುತ್ತೇವೆ. ಸರಿ ಬಂದ ಮೇಲೆ ಮುಂದಿನ ತುಣುಕು. ನಮ್ಮ ಮೇಷ್ಟ್ರ ಮನೆಯ ಪಾಠಾಂತರವೂ ಹೀಗೇ ಅಲ್ವಾ? ಓದಿ ನುಡಿಸಿ ಅಭ್ಯಾಸವಿದ್ದವರು ಮೊದಲ ದಿನ ಒದ್ದಾಡುತ್ತಿದ್ದರು. ಕೇಳಿ ಕಲಿತವರಿಗೆ ಇದು ಹೊಸದೇ ಅಲ್ಲ. ಒಪ್ಪಿಗೆ ಕೇಳಿಕೊಂಡು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಸಂಜೆಗೆ ಅದೇ ದಿಕ್ಕು.

ಕಷ್ಟವಾಗಿದ್ದು ಅಲಂಕಾರ. ಅಲ್ಲಿ ರೋಲ್ ಅಂತ ಒಂದಿದೆ. ಮೇಲಿನ ಮೂರು ತೂತು ಮುಚ್ಚಿದರೆ ಜಿ. ಅದನ್ನು ಊದುತ್ತಿರುವಾಗಲೇ ಮೇಲಿನ ಒಂದು ಬೆರಳು ಚಕ್ಕನೆ ಎತ್ತಿ ಮುಚ್ಚಬೇಕು. ಆಮೇಲೆ ಕೆಳಗಿನ ತೂತಿನ ಮೇಲೆ ಇನ್ನೊಂದು ಬೆರಳಿಂದ ಬಡಿದು ಬಿಡಬೇಕು. ಜಿ ಮೂರು ಸಲ ಕೇಳಿಸುತ್ತದೆ. ನಡುವಿನ ಎರಡು ಸ್ವರಗಳು ಸ್ವರವಾಗಿ ಕೇಳಿಸಲೇ ಬಾರದು, ಬರೀ ತಟ್ಟು. ನಮ್ಮ ಗಮಕದಲ್ಲಿ, ಅಂದರೆ ಸ್ವರವನ್ನು ತೂಗಿಸುವಾಗ, ಅನುಸ್ವರಕ್ಕೆ (ಪಕ್ಕದ ಸ್ವರದ ಸುಳಿವಿಗೆ) ಜಾಗ ಕೊಟ್ಟು, ಜಾರಿಸಿ, ಉಜ್ಜಿ ನುಡಿಸಿದ ಬೆರಳಿಗೆ ಇದು ಬೇಗ ಒಗ್ಗುವುದಿಲ್ಲ. ತುತ್ತುಕಾರವೂ, ಅಂದರೆ ನಾಲಿಗೆಯಿಂದ ಸ್ವರ ಬಿಡಿಸುವುದೂ, ಕಡಿಮೆ. ಒಂದೇ ಸ್ವರ ಎರಡು ಸಲ ಬಂದರೆ ನಾಲಿಗೆಗಿಂತ ಜಾಸ್ತಿ ಬೆರಳಿಂದಲೇ ಬಿಡಿಸುತ್ತಾರೆ. "ಬೆರಳು ಕಡಿಮೆ ಎತ್ತಿ, ಇನ್ನೂ ಕಡಿಮೆ" ಅಂತ ಟೀಚರ್ ನನ್ನ ಪಕ್ಕ ನಿಂತು ಹೇಳುತ್ತಲೇ ಇದ್ದರು. ನಿಧಾನವಾಗಿ, ತಾಳ ಬಿಡದೆ ಸಾಧನೆ ಮಾಡಿದಾಗ ವಾರದ ಕೊನೆಗೆ ಒಂದು ಹದ ಬಂತು.

ತಾಳದ ಲೆಕ್ಕವೂ ಹೇಳಬೇಕು. ರೀಲ್, ಜಿಗ್ ಎಲ್ಲ ಕುಣಿತದ ಧಾಟಿಗಳು. ರೀಲ್ ನಾಲ್ಕರ ಎಣಿಕೆಯ ಚತುರಶ್ರದ ಓಟ. ಜಿಗ್ ಎಂದರೆ ಎರಡು ಮೂರುಗಳು. ಸ್ಲಿಪ್ ಜಿಗ್‌ಗೆ ಒಂಬತ್ತು ಎಣಿಕೆ. ಆದರೆ ಅದನ್ನು ನಮ್ಮ ತಾಳದ ಸಂಕೀರ್ಣ ಜಾತಿಯಂತೆ ನಾಲ್ಕು-ಐದು ಮಾಡಿ ಎಣಿಸಬೇಡಿ. ಅದು ಮೂರು, ಮೂರು, ಮೂರು.

ರಾತ್ರಿ ಪಬ್‌ಗಳಲ್ಲಿ ಸೆಷನ್, ಅಂದರೆ ಎಲ್ಲರೂ ಕೂಡಿ ನುಡಿಸುವ ಕೂಟ. ಕುಡಿಯದವರೂ ಧಾರಾಳವಾಗಿ ಹೋಗಬಹುದು, ಜ್ಯೂಸ್ ಹಿಡಿದು ಕೂತರೆ ಯಾರೂ ಏನೂ ಅನ್ನುವುದಿಲ್ಲ. ಅಲ್ಲಿ ಎಲ್ಲರೂ ಒಂದೇ ಧಾಟಿಯನ್ನು ಒಟ್ಟಿಗೆ ನುಡಿಸುತ್ತಾರೆ. ಎರಡು ಮೂರು ಸಲ ಆದ ಮೇಲೆ ನಿಲ್ಲಿಸದೆ ಇನ್ನೊಂದು ಧಾಟಿಗೆ ಹೊರಳುತ್ತಾರೆ. ನಮ್ಮ ಕಚೇರಿಯ ಹಾಗೆ ಒಬ್ಬರು ಮುಂದೆ ಕೂತು ಮನೋಧರ್ಮ, ಅಂದರೆ ಆಗಲೇ ಕಲ್ಪಿಸಿ ನುಡಿಸುವುದನ್ನು, ತೋರಿಸುವ ಪದ್ಧತಿ ಅಲ್ಲ. ನನಗೆ ಇದೇ ಬಹಳ ಹಿಡಿಸಿತು. ಗೊತ್ತಿರುವ ಧಾಟಿ ಬಂದಾಗ ಮಾತ್ರ ಸೇರಿಕೊಳ್ಳಿ, ಉಳಿದ ಹೊತ್ತು ವಾದ್ಯ ಮಡಿಲಲ್ಲಿರಲಿ. ಕೂರುವ ಮೊದಲು ಕೂರಬಹುದೇ ಅಂತ ನುಡಿಸುವವರನ್ನು ಒಂದು ಮಾತು ಕೇಳಿ. ಯಾರಾದರೂ ಹಾಡತೊಡಗಿದರೆ ಪಬ್ಬೇ ಸುಮ್ಮನಾಗುತ್ತದೆ, ನೀವೂ ಸುಮ್ಮನಿರಿ.

ಪಿಟೀಲು ಕಲಿತವರಿಗೆ ಕೊನೆಯದಾಗಿ ಒಂದು: ನಮ್ಮ ಸ-ಪ-ಸ-ಪ ಶ್ರುತಿ ಅಲ್ಲಿ ಆಗುವುದಿಲ್ಲ. ತಂತಿಗಳನ್ನು ಜಿ-ಡಿ-ಎ-ಇಗೆ ಕೂಡಿಸಿಕೊಂಡು, ಕುರ್ಚಿಯಲ್ಲಿ ಕೂತು ಹೆಗಲ ಮೇಲಿಟ್ಟು ನುಡಿಸುವುದನ್ನು ಇಲ್ಲಿಂದಲೇ ರೂಢಿ ಮಾಡಿಕೊಂಡು ಹೊರಡಿ.